ಒಂದನೇ ತರಗತಿ ಸೀಟಿಗೆ ಇಂಟರ್‌ವ್ಯೂ ಎಷ್ಟು ಮುಖ್ಯ?

ಬಳ್ಳಾರಿಯ ಖಾಸಗಿ ಶಾಲೆಯೊಂದು ಮಗಳ ಒಂದನೇ ತರಗತಿ ಸೀಟಿಗೆ ಇಂಟರ್‌ವ್ಯೂ ಇದೆ ಎಂದಿದೆ, ಅದು ಎಷ್ಟು ಮುಖ್ಯ ಅಂತ ಕೇಳಿದ್ದೀರಿ. ಕಾನೂನಿನ ಪ್ರಕಾರ ಮುಖ್ಯ ಆಗಲೇಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮಗುವನ್ನಾಗಲಿ, ತಂದೆ-ತಾಯಿಯನ್ನಾಗಲಿ ಪರೀಕ್ಷಿಸಿ ಸೀಟು ಕೊಡುವಂತಿಲ್ಲ. ಶಾಲೆ ಮೊದಲ ಸಲ ಇದನ್ನು ಮೀರಿದರೆ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲ 50,000ದವರೆಗೆ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಮಾತ್ರ 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ವಿನಾಯಿತಿ ಇದೆ.

ಆದರೂ ‘ಸುಮ್ನೆ ಮಾತಾಡಿಸೋಕೆ’ ಅಂತ ಕರೆಯುತ್ತಾರೆ. ಮಾತಾಡಿಸುವುದು ತಪ್ಪಲ್ಲ, ಅದರ ಮೇಲೆ ಸೀಟು ನಿಂತರೆ ತಪ್ಪು. ನನಗನಿಸುವಂತೆ ಅಲ್ಲಿ ಅಳೆಯುವುದು ಮಗುವನ್ನಲ್ಲ, ಅಪ್ಪ-ಅಮ್ಮನ ಇಂಗ್ಲಿಷ್, ಕೆಲಸ, ಫೀ ಕಟ್ಟುವ ಶಕ್ತಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಇಲ್ಲವೇ ಉರ್ದು. ಅಂಥ ಮಗು ಹೊಸಬರ ಎದುರು ಇಂಗ್ಲಿಷಿನಲ್ಲಿ ಬಣ್ಣದ ಹೆಸರು ಹೇಳಲಿಲ್ಲ ಅಂದ್ರೆ ಅದರಿಂದ ಗೊತ್ತಾಗುವುದಾದರೂ ಏನು?

ಇದಕ್ಕೆ ಕೋಚಿಂಗ್ ಬೇಡವೇ ಬೇಡ. ಬದಲಿಗೆ ನೀವೇ ಶಾಲೆಯವರನ್ನು ಕೇಳಿ: ಒಂದು ಸೆಕ್ಷನ್‌ಗೆ ಎಷ್ಟು ಮಕ್ಕಳು, ಬಿಸಿಲುಗಾಲದಲ್ಲಿ ತರಗತಿ ಹೇಗಿರುತ್ತದೆ, ಬಸ್ಸು-ಪುಸ್ತಕ ಸೇರಿ ವರ್ಷಕ್ಕೆ ಎಷ್ಟು. ಇಂಟರ್‌ವ್ಯೂ ನೆಪದಲ್ಲಿ ಸೀಟು ಇಲ್ಲ ಎಂದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರಹದಲ್ಲಿ ದೂರು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.