ಹಳೆಯ ಆಘಾತದಿಂದ ಹೊರಬರಲು ಥೆರಪಿ ನಿಜವಾಗಲೂ ಸಹಾಯ ಮಾಡುತ್ತಾ?

"ಅಪಘಾತ ಆಗಿ ಎರಡು ವರ್ಷ ಆಯ್ತು. ಲಾರಿ ಹಾರನ್ ಕೇಳಿದರೆ ಈಗಲೂ ಕೈ ನಡುಗುತ್ತದೆ. ಮನೆಯವರು ಮರೆತುಬಿಡು ಅಂತಾರೆ. ಥೆರಪಿಗೆ ಹೋದರೆ ಅದನ್ನೇ ಕೆದಕಿ ಇನ್ನೂ ಜಾಸ್ತಿ ಮಾಡಿಬಿಡ್ತಾರಾ?" ಅಂತ ಕೇಳಿದ್ದೀರಿ. ಆ ಕೊನೆಯ ಭಯ ನನಗೂ ಇತ್ತು. ಅದಕ್ಕೇ ಆರು ವರ್ಷ ಯಾರ ಹತ್ತಿರವೂ ಹೋಗಲಿಲ್ಲ.

ನಮ್ಮೂರು ಮಡಿಕೇರಿ ಹತ್ತಿರ. 2018ರ ಆಗಸ್ಟ್ ಮಳೆಗೆ ಕೊಡಗಿನಲ್ಲಿ ಸಾಲು ಸಾಲಾಗಿ ಬರೆ ಕುಸಿದಾಗ ನಮ್ಮ ಮನೆ ಹಿಂದಿನ ಗುಡ್ಡವೂ ಜರಿಯಿತು. ಅಮ್ಮ, ತಂಗಿ, ನಾನು ಓಡಿ ಉಳಿದೆವು. ಕೊಟ್ಟಿಗೆಯಲ್ಲಿ ಕಟ್ಟಿದ್ದ ಹಸು ಉಳಿಯಲಿಲ್ಲ. ಮನೆಮಂದಿಯನ್ನೇ ಕಳೆದುಕೊಂಡವರ ಎದುರು ಹಸುವಿನ ಮಾತು ಎತ್ತೋದು ಹೇಗೆ? ಒಳಗೇ ಇಟ್ಟುಕೊಂಡೆ.

ಆಮೇಲೆ ಮೈಸೂರಿಗೆ ಬಂದು ಕೆಲಸಕ್ಕೆ ಸೇರಿದೆ. ಗುಡ್ಡವೇ ಇಲ್ಲದ ಬಡಾವಣೆ, ಮೂರನೇ ಮಹಡಿ. ಆದರೂ ಮಳೆ ಜೋರಾದರೆ ಎದ್ದು ಕೂರುತ್ತಿದ್ದೆ. ಚಪ್ಪಲಿ ಮಂಚದ ಪಕ್ಕದಲ್ಲೇ ಇರಬೇಕು, ಬಾಗಿಲಿಗೆ ಬೀಗ ಹಾಕಬಾರದು. ಮೊದಲ ಮಳೆಯ ಮಣ್ಣಿನ ವಾಸನೆ ಎಲ್ಲರಿಗೂ ಇಷ್ಟ ಅಲ್ವಾ? ನನಗೆ ಗಂಟಲು ಕಟ್ಟುತ್ತಿತ್ತು. ಅಜ್ಜಿ ತಾಯತ ಕಟ್ಟಿಸಿದರು. ಅವರ ಪ್ರೀತಿ ಅದು, ಬೇಡ ಅನ್ನಲಿಲ್ಲ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿಯಿತು, ಎರಡೇ ವಾರಕ್ಕೆ ವಯನಾಡು. ಫೋನ್ ತೆರೆದರೆ ಅವೇ ವಿಡಿಯೋಗಳು. ಮೂರು ದಿನ ಅನ್ನ ಸೇರಲಿಲ್ಲ. ತಂಗಿಯೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು.

ಮೊದಲು ಸಿಕ್ಕಿದವರಿಂದ ಉಪಯೋಗ ಆಗಲಿಲ್ಲ. ಮಾತೆಲ್ಲ ಇಂಗ್ಲಿಷಿನಲ್ಲಿ, ಕೊನೆಗೆ "ಪಾಸಿಟಿವ್ ಆಗಿ ಯೋಚಿಸಿ" ಅನ್ನುವ ಸಲಹೆ. ಎರಡು ಸಲ ಹೋಗಿ ಬಿಟ್ಟೆ. ನಿಮಗೂ ಹೀಗಾದರೆ ದಯವಿಟ್ಟು ಥೆರಪಿಯನ್ನೇ ಬಿಡಬೇಡಿ, ಬೇರೆಯವರನ್ನು ನೋಡಿ.

ಎರಡನೆಯವರು ಆಘಾತದ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಕ್ಲಿನಿಕಲ್ ಸೈಕಾಲಜಿಸ್ಟ್. ಮೊದಲ ಮೂರು ಭೇಟಿಯಲ್ಲಿ ಆ ದಿನದ ಸುದ್ದಿಯನ್ನೇ ಎತ್ತಲಿಲ್ಲ. ದೊಡ್ಡ ಆಘಾತ ಆದಮೇಲೆ ಕೆಲವು ವಾರ ನಿದ್ದೆ ಕೆಡೋದು, ಬೆಚ್ಚಿಬೀಳೋದು ಸಹಜ, ಬಹಳ ಜನಕ್ಕೆ ತಾನಾಗಿಯೇ ಕಡಿಮೆ ಆಗುತ್ತೆ ಅಂದರು. ತಿಂಗಳು ದಾಟಿದರೂ ಬಿಡದೆ ಬದುಕನ್ನೇ ಕಟ್ಟಿಹಾಕಿದರೆ ಅದು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ ಇರಬಹುದು, ನೋಡಿಸಿಕೊಳ್ಳಬೇಕು. ಮಳೆಯಿಂದ ತಪ್ಪಿಸಿಕೊಂಡಷ್ಟೂ "ಮಳೆ ಅಂದ್ರೆ ಅಪಾಯ" ಅಂತ ಮೈ ಕಲಿಯುತ್ತಾ ಹೋಗುತ್ತೆ ಅನ್ನೋದು ನನಗೆ ಅವತ್ತೇ ಗೊತ್ತಾಗಿದ್ದು.

ನನಗೆ ಮಾಡಿದ ಪದ್ಧತಿಯ ಹೆಸರು ಪ್ರೊಲಾಂಗ್ಡ್ ಎಕ್ಸ್‌ಪೋಶರ್. ಅಮೆರಿಕದಲ್ಲಿ ಎಡ್ನಾ ಫೋವಾ ಅನ್ನುವ ಮನೋವಿಜ್ಞಾನಿ ರೂಪಿಸಿದ್ದು. ಸಾಮಾನ್ಯವಾಗಿ 8ರಿಂದ 15 ಭೇಟಿ, ಒಂದೊಂದೂ ಸುಮಾರು ಒಂದೂವರೆ ಗಂಟೆ. ಕಣ್ಣು ಮುಚ್ಚಿ, ಆ ದಿನ ಈಗಲೇ ನಡೆಯುತ್ತಿದೆ ಅನ್ನೋ ಹಾಗೆ ಹೇಳಬೇಕು. "ಮಳೆ ಬರ್ತಿತ್ತು" ಅಂದರೆ ಅವರು ಮೆಲ್ಲಗೆ "ಬರ್ತಿದೆ" ಅನ್ನುತ್ತಿದ್ದರು. ನಡುನಡುವೆ "ಈಗ ಎಷ್ಟು?" ಅಂತ ಕೇಳುತ್ತಿದ್ದರು. ಭಯಕ್ಕೆ ಸೊನ್ನೆಯಿಂದ ನೂರರೊಳಗೆ ಒಂದು ನಂಬರ್ ಕೊಡಬೇಕು. ಹೇಳಿದ್ದನ್ನು ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ದಿನವೂ ಕೇಳಬೇಕು.

ಇದೇ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಪೇಪರ್ ಓದಿದ ಹಾಗಿತ್ತು. ಕನ್ನಡದಲ್ಲಿ "ಕೊಟ್ಟಿಗೆ" ಅನ್ನುವ ಮಾತು ಬಾಯಿಗೆ ಬಂದಕೂಡಲೇ ಅಂಗೈ ಬೆವೆತಿತು. ನಂಬರ್ 90.

ಆರನೇ ಸಲ ಹೇಳುವಾಗ ಒಂದು ವಿಷಯ ಹೊರಗೆ ಬಂತು. ಹಸುವನ್ನು ಬಿಟ್ಟು ಓಡಿಬಂದೆ ಅಂತಲೇ ನಾನು ನಂಬಿದ್ದೆ. ಅವತ್ತು ಕಣ್ಣು ಮುಚ್ಚಿ ನಿಧಾನವಾಗಿ ಹೇಳುತ್ತಾ ಹೋದಾಗ, ಬಲಗೈ ಮಣಿಕಟ್ಟನ್ನು ಯಾರೋ ಹಿಡಿದು ಎಳೆದದ್ದು ನೆನಪಾಯಿತು. ಗಾಜಿನ ಬಳೆ ಚುಚ್ಚಿದ್ದೂ ನೆನಪಾಯಿತು. ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೀನು ಹಗ್ಗ ಬಿಚ್ಚೋಕೆ ಹೋಗಿದ್ದೆ. ನಾನೇ ಎಳೆದೆ. ಅಷ್ಟರಲ್ಲಿ ಕೊಟ್ಟಿಗೆ ಇರಲಿಲ್ಲ" ಅಂದರು. ಆರು ವರ್ಷ ನಾವಿಬ್ಬರೂ ಈ ಮಾತು ಆಡಿರಲಿಲ್ಲ. ಅವರಿಗೂ ಅದು ಒಳಗೇ ಕೊರೆಯುತ್ತಿತ್ತಂತೆ. ತುಂಬಾ ಹೊತ್ತು ಇಬ್ಬರೂ ಅತ್ತೆವು.

ಮುಚ್ಚಿಡದೆ ಹೇಳ್ತೀನಿ, ನಡುವೆ ಎರಡು ವಾರ ಜಾಸ್ತಿಯೇ ಆಯಿತು. ಕನಸು, ತಲೆನೋವು, ಯಾರ ಮೇಲೋ ಸಿಟ್ಟು. ಹೀಗಾಗಬಹುದು ಅಂತ ಅವರು ಮೊದಲೇ ಹೇಳಿದ್ದರಿಂದ ಬಿಡಲಿಲ್ಲ. ಜೊತೆಗೆ ಚಿಕ್ಕ ಚಿಕ್ಕ ಅಭ್ಯಾಸಗಳೂ ಇದ್ದವು. ಹೂಕುಂಡದ ಒಣ ಮಣ್ಣಿಗೆ ನೀರು ಹಾಕಿ, ಭಯ ಇಳಿಯುವ ತನಕ ವಾಸನೆ ನೋಡುತ್ತಾ ಕೂರೋದು. ಕೊನೆಗೆ ಮಳೆಗಾಲದಲ್ಲೇ ಮಡಿಕೇರಿಗೆ ಹೋಗಿಬರೋದು. ನಿಮಗಾದರೆ ನಿಂತ ಕಾರಿನಲ್ಲಿ ಸುಮ್ನೆ ಕೂರೋದರಿಂದ ಶುರು ಮಾಡಿಸಬಹುದೇನೋ. ವೇಗ ಎಷ್ಟು ಅನ್ನೋದನ್ನು ನಿಮ್ಮನ್ನು ಕೇಳಿಯೇ ನಿರ್ಧರಿಸಬೇಕು. ಯಾರಾದರೂ ಬಲವಂತ ಮಾಡಿದರೆ ಬೇಡ ಅನ್ನಿ. ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಅಂತ ಇನ್ನೊಂದು ಪದ್ಧತಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಅದನ್ನೂ ಶಿಫಾರಸು ಮಾಡಿದೆ. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ, ಅದನ್ನು ಮನೋವೈದ್ಯರು ಹೇಳಬೇಕು.

ಪೂರ್ತಿ ಹೋಯ್ತಾ ಅಂದರೆ, ಹಸುವಿನ ನೆನಪಾದರೆ ಈಗಲೂ ದುಃಖ ಆಗುತ್ತದೆ. ಆದರೆ ಮಳೆ ಬಂದರೆ ಎದ್ದು, ಬಾಲ್ಕನಿಯಲ್ಲಿ ಒಣಗಿಹಾಕಿದ ಬಟ್ಟೆ ಒಳಗೆ ತಂದು, ಮತ್ತೆ ಮಲಗುತ್ತೇನೆ.

ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿಗೆ ಹತ್ತಿರ ಇದ್ದರೆ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಬಹುದು. ಖಾಸಗಿಯಾಗಿ ಹೋಗುವುದಾದರೆ ಆ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಇದೆಯಾ, ಆಘಾತದ ಚಿಕಿತ್ಸೆ ಮಾಡಿದ ಅನುಭವ ಇದೆಯಾ ಅಂತ ಮೊದಲೇ ಕೇಳಿ. ಕೇಳೋದರಲ್ಲಿ ಸಂಕೋಚ ಬೇಡ.

ಮತ್ತೆ, ಹೋಗುವ ದಿನ ಆಫೀಸಿಗೆ ಪೂರ್ತಿ ರಜೆ ಹಾಕಿ. ಮೈ ತುಂಬಾ ಸುಸ್ತಾಗುತ್ತದೆ. ಸಾಧ್ಯವಾದರೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ನನ್ನ ತಂಗಿ ಹೊರಗಡೆ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಹೊರಗೆ ಬಂದಮೇಲೆ ಏನೂ ಕೇಳುತ್ತಿರಲಿಲ್ಲ. ಕಾಫಿ ಕುಡಿಸಿ ಬಸ್ ಹತ್ತಿಸುತ್ತಿದ್ದಳು.