ಸೀರಂ ಸೊಂಟಕ್ಕಲ್ಲ, ಗಾಯಕ್ಕೆ

ಪ್ರಶ್ನೆ: ನಾನು ಪ್ರಾಥಮಿಕ ಆರೋಗ್ಯ ಕೇಂದ್ರದ ಶುಶ್ರೂಷಕಿ. ನಾಯಿ ಕಚ್ಚಿ ರಕ್ತ ಬಂದವರಿಗೆ ತೋಳಿಗೆ ರೇಬಿಸ್ (ಹುಚ್ಚುನಾಯಿ ರೋಗ) ಲಸಿಕೆ ಹಾಕುತ್ತೇವೆ. ಜೊತೆಗೆ ಕೊಡುವ ಸೀರಂ, ಅಂದರೆ ರೇಬಿಸ್ ವೈರಾಣುವನ್ನು ತಡೆಯುವ ಸಿದ್ಧ ಪ್ರತಿಕಾಯಗಳ (ರೋಗನಿರೋಧಕ ಪ್ರೋಟೀನುಗಳ) ಔಷಧಿಯನ್ನು ಗಾಯಕ್ಕೇ ಚುಚ್ಚಿದರೆ ಮಕ್ಕಳು ಚೀರಾಡುತ್ತಾರೆ, ಮನೆಯವರು ಜಗಳಕ್ಕೆ ಬರುತ್ತಾರೆ. ಸೊಂಟಕ್ಕೆ ಕೊಟ್ಟರೆ ಸಾಲದೇ?

ಉತ್ತರ: ಸಾಲದು. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ನಿಲ್ಲುತ್ತಿಲ್ಲ. ಲಸಿಕೆಯಿಂದ ಪ್ರತಿಕಾಯ ಹುಟ್ಟಲು ಒಂದೆರಡು ವಾರ ಬೇಕು. ಅಷ್ಟರೊಳಗೆ ವೈರಾಣು ಗಾಯದಲ್ಲಿನ ನರ ಹಿಡಿದು ಮಿದುಳಿನತ್ತ ಹೊರಟುಬಿಡಬಹುದು. ಅದನ್ನು ಗಾಯದಲ್ಲೇ ಕಟ್ಟಿಹಾಕುವ ಕೆಲಸ ಸೀರಂನದು. ಸೊಂಟಕ್ಕೆ ಹಾಕಿದ್ದು ಮೈಯೆಲ್ಲ ತೆಳುವಾಗಿ ಹರಡುತ್ತದೆ, ಬೇಕಾದ ಜಾಗಕ್ಕೆ ಬೇಕಾದಷ್ಟು ಸೇರುವುದೇ ಇಲ್ಲ.

ಮೊದಲು ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಅಂದಾಜಿನ 15 ನಿಮಿಷ ಸಾಮಾನ್ಯವಾಗಿ ಎರಡೇ ನಿಮಿಷ ಆಗಿರುತ್ತದೆ. ಆಮೇಲೆ ಸೋಂಕುನಾಶಕ ಪೊವಿಡೋನ್ ಅಯೋಡಿನ್ ಹಚ್ಚಿ. ಕುದುರೆ ಸೀರಂ ಆದರೆ ಕೆಜಿಗೆ 40 ಯೂನಿಟ್: 45 ಕೆಜಿಯವರಿಗೆ 1800 ಯೂನಿಟ್, ಮಿಲಿಗೆ 300 ಯೂನಿಟ್ ಇರುವ ಬಾಟಲಿಯಲ್ಲಿ 6 ಮಿಲಿ. ಮನುಷ್ಯರ ರಕ್ತದಿಂದ ತೆಗೆದದ್ದಾದರೆ ಕೆಜಿಗೆ 20. ಇದು ಗರಿಷ್ಠ ಲೆಕ್ಕ, ಮೀರಬಾರದು. ಗಾಯದ ಅಂಚಿನಿಂದ ಸಣ್ಣ ಸೂಜಿ ತೂರಿಸಿ, ಹಿಂದಕ್ಕೆ ಎಳೆಯುತ್ತಾ ಔಷಧಿ ಬಿಡಿ. ಸುತ್ತಲೂ ಹೋಗಲಿ, ಆಳಕ್ಕೂ ಹೋಗಲಿ. ಬೆರಳ ತುದಿಯಲ್ಲಿ ಜಾಗವೇ ಇರುವುದಿಲ್ಲ. ಚರ್ಮ ಬಿಗಿದು ಬಿಳಿಚಿದರೆ ನಿಲ್ಲಿಸಿ, ಒತ್ತಿ ತುಂಬಿಸಿದರೆ ರಕ್ತ ಸಂಚಾರವೇ ನಿಂತೀತು. ಗಾಯಗಳು ಹೆಚ್ಚಿದ್ದು ಔಷಧಿ ಸಾಲದಿದ್ದರೆ ನಾರ್ಮಲ್ ಸಲೈನ್ (ಶುದ್ಧ ಉಪ್ಪುನೀರಿನ ದ್ರಾವಣ) ಬೆರೆಸಿ, ಒಂದನ್ನೂ ಬಿಡಬೇಡಿ. ಕೂದಲಿನೊಳಗಿನ ಪರಚು ಗಾಯ ತಪ್ಪಿಹೋಗುವುದೇ ಹೆಚ್ಚು. ಸೀರಂನಿಂದ ತೀವ್ರ ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ಕೈಗೆಟುಕುವಲ್ಲಿರಲಿ. ಹೊಲಿಗೆ ಹಾಕಬೇಡಿ. ಹಾಕಲೇಬೇಕಾದ ದೊಡ್ಡ ಗಾಯವಾದರೆ ಮೊದಲು ಸೀರಂ, ಕೆಲವು ಗಂಟೆ ಬಿಟ್ಟು ಸಡಿಲ ಹೊಲಿಗೆ.

ಸೀರಂ ಇಲ್ಲವೆಂದು ಲಸಿಕೆ ತಡಮಾಡಬೇಡಿ. ಮೊದಲ ಲಸಿಕೆಯಿಂದ 7ನೇ ದಿನದವರೆಗೂ ಸೀರಂ ಕೊಡಬಹುದು. ‘ನಾಳೆ ಬನ್ನಿ’ ಅನ್ನದೆ, ಸೀರಂ ಇರುವ ಆಸ್ಪತ್ರೆಗೆ ಫೋನ್ ಮಾಡಿ ಖಚಿತಪಡಿಸಿಕೊಂಡು ಅಂದೇ ಕಳುಹಿಸಿ.

ಪ್ರಶ್ನೆ: ಚರ್ಮದೊಳಗೆ 0.1 ಮಿಲಿ ಲಸಿಕೆ ಹಾಕಿದಾಗ ಗುಳ್ಳೆ ಏಳಲಿಲ್ಲ.

ಉತ್ತರ: ಹಾಗಾದರೆ ಚರ್ಮದ ಕೆಳಗೆ ಹೋಗಿದೆ. ಪಕ್ಕದಲ್ಲೇ ಇನ್ನೊಮ್ಮೆ ಹಾಕಿ.

ಪ್ರಶ್ನೆ: ಟಿಟಿ ಹಾಕಿಸಿದ್ದೇವೆ, ಸಾಕಲ್ಲವೇ?

ಉತ್ತರ: ಅದು ಧನುರ್ವಾಯುವಿಗೆ. ರೇಬಿಸ್‌ಗೆ ಸಂಬಂಧವಿಲ್ಲ.

ಪ್ರಶ್ನೆ: ಕಚ್ಚಿದ್ದು ಸಾಕುನಾಯಿ. ಹತ್ತು ದಿನ ನೋಡಿ ಆಮೇಲೆ ಶುರು ಮಾಡಬಹುದೇ?

ಉತ್ತರ: ಇವತ್ತೇ ಶುರು ಮಾಡಿ. ನಾಯಿಯನ್ನು ಜೊತೆಜೊತೆಗೆ ನೋಡುತ್ತಿರಿ.

ಪ್ರಶ್ನೆ: ನಮ್ಮೂರಲ್ಲಿ ನಾಯಿ ಕಡಿತಕ್ಕೆ ಬೇರು ಅರೆದು ಕುಡಿಸುವವರಿದ್ದಾರೆ. ಕುಡಿದವರೆಲ್ಲ ಚೆನ್ನಾಗಿದ್ದಾರೆ.

ಉತ್ತರ: ಕಚ್ಚಿದ ನಾಯಿಗಳಿಗೆಲ್ಲ ರೇಬಿಸ್ ಇರುವುದಿಲ್ಲ. ನಾಟಿ ವೈದ್ಯರ ಹೆಸರು ನಿಂತಿರುವುದೇ ಅದರ ಮೇಲೆ. ಮೆಣಸಿನ ಪುಡಿ, ಸುಣ್ಣ, ಕಾಫಿಪುಡಿ ಮೆತ್ತಿಕೊಂಡು ಬಂದವರ ಗಾಯವನ್ನು ಬೈಯುತ್ತಾ ಕೂರದೆ ತೊಳೆಯಿರಿ. ಬೈಗುಳ ಆಮೇಲೂ ಆದೀತು. ಚರ್ಮದೊಳಗೆ ಹಾಕುವ ಲಸಿಕೆಗೆ ಮತ್ತೆ ಬರಬೇಕಾದ 3, 7, 28ನೇ ದಿನಗಳ ತಾರೀಖು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಡಿ. ಮೂರನೆಯದರ ನಂತರ ಗಾಯ ಮಾಯ್ದಿರುತ್ತದೆ, ಜನ ಬರುವುದನ್ನು ಬಿಡುವುದು ಅಲ್ಲೇ.