ಪದಕ ಗಂಗೆಗೆ ಬಿಡೋಕೆ ಹೋಗಿದ್ದು ತಪ್ಪಾ?

ಪ್ರಶ್ನೆ: ಸರ್, ನಮ್ದು ಚಿಂತಾಮಣಿ. 2023ರಲ್ಲಿ ಕುಸ್ತಿಪಟುಗಳು ಲೈಂಗಿಕ ಕಿರುಕುಳ ಆಗಿದೆ ಅಂತ ದೂರಿ ದಿಲ್ಲಿ ಜಂತರ್ ಮಂತರ್‌ನಲ್ಲಿ ಧರಣಿ ಕೂತಿದ್ರಲ್ಲ, ಆ ಮಾತು ಬಂದ್ರೆ ಈಗ್ಲೂ ಮನೇಲಿ ಜಗಳ. ತಾತ ದಿನಾ ಪೂಜೆ ಮಾಡೋರು, ದೇಶದ ಮಾನ ತೆಗೆದ್ರು ಅಂತಾರೆ, ತಂಗಿ ಕುಸ್ತಿಪಟುಗಳ ಪರ. ವಯಸ್ಸಾದ, ಭಕ್ತಿ ಇರೋರೆಲ್ಲ ಹೀಗೇನಾ?

ಉತ್ತರ: ಎಲ್ರೂ ಅಲ್ಲಮ್ಮ. ಸಾಕ್ಷಿ, ವಿನೇಶ್, ಬಜರಂಗ್ ಪದಕ ಬಿಡೋಕೆ ಹೋಗಿದ್ದು ಹರಿದ್ವಾರದ ಗಂಗೆಗೇ, ಭಕ್ತಿ ಇಲ್ದೆ ಇರೋರು ಅಲ್ಲಿಗ್ಯಾಕೆ ಹೋಗ್ತಾರೆ, ಅಲ್ಲಿ ಅವರನ್ನ ತಡೆದು ಪದಕ ಇಸ್ಕೊಂಡು ಐದು ದಿನ ಟೈಮ್ ಕೇಳಿದ್ದು ರೈತ ನಾಯಕ ನರೇಶ್ ಟಿಕಾಯತ್, ಹುಡುಗ ಅಲ್ಲ, ಹಿರಿಯರೇ.

ಅಮೆರಿಕದಲ್ಲೂ ಅಷ್ಟೇ. 2016ರಲ್ಲಿ ಫುಟ್‌ಬಾಲ್ ಆಟಗಾರ ಕಾಲಿನ್ ಕೆಪರ್ನಿಕ್ ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯ ವಿರೋಧಿಸಿ ರಾಷ್ಟ್ರಗೀತೆ ಟೈಮಲ್ಲಿ ಮಂಡಿಯೂರಿದಾಗ ವಯಸ್ಸಾದೋರಲ್ಲಿ, ಬಿಳಿಯ ಇವಾಂಜೆಲಿಕಲ್ (ಬೈಬಲ್ ಮಾತೇ ಪ್ರಮಾಣ ಅನ್ನೋ) ಕ್ರೈಸ್ತರಲ್ಲಿ ವಿರೋಧ ಜಾಸ್ತಿ ಇತ್ತು ನಿಜ, ಆದ್ರೆ ಅವನೂ ಕ್ರೈಸ್ತನೇ, ಮೈಮೇಲೆ ಬೈಬಲ್ ವಚನದ ಹಚ್ಚೆ ಇದೆ. 1967ರಲ್ಲಿ ಬಾಕ್ಸರ್ ಮುಹಮ್ಮದ್ ಅಲಿ ಸೇನೆ ಸೇರಲ್ಲ ಅಂದಿದ್ದು ಧರ್ಮದ ಹೆಸರಲ್ಲೇ, ಚಾಂಪಿಯನ್ ಪಟ್ಟ ಕಿತ್ಕೊಂಡ್ರು, ಶಿಕ್ಷೆನೂ ಕೊಟ್ರು, 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಶಿಕ್ಷೆ ರದ್ದು ಮಾಡ್ತು. ಒಂದೇ ನಂಬಿಕೆ ಒಬ್ಬರನ್ನ ಬೀದಿಗೆ ಇಳಿಸುತ್ತೆ, ಇನ್ನೊಬ್ಬರಿಗೆ ಸುಮ್ನಿರು ಅನ್ನುತ್ತೆ.

ನನಗಂತೂ ನಿಮ್ಮ ತಂಗಿ ಮಾತೇ ಸರಿ ಅನ್ಸುತ್ತೆ, ಆ ಹೆಣ್ಮಕ್ಕಳು ಹೇಳಿದ್ದು ಲೈಂಗಿಕ ಕಿರುಕುಳದ ಆರೋಪ, ಅದನ್ನ ಕೇಳ್ದೆ ಮಾನ ಅಂತ ಬಾಯಿ ಮುಚ್ಚಿಸೋದು ಸರಿಯಲ್ಲ. ಆದ್ರೂ ತಾತನ ಹತ್ರ ವಾದ ಮಾಡೋ ಮುಂಚೆ ಸಿಟ್ಟು ಧರಣಿ ಮೇಲಾ, ಪದಕ ನೀರಿಗೆ ಹಾಕೋಕೆ ಹೊರಟಿದ್ದಕ್ಕಾ ಅಂತ ಕೇಳಿ, ಎರಡೂ ಬೇರೆ.